ಸೀಟಪ್ಪನ ಮರ್ಯಾದಸ್ಥ ಸೀಟು

ಜನ ಆರಾಮಾಗಿ ಕೂರಲಿ ಎಂದು ಜೀವಮಾನವೆಲ್ಲ ದುಡಿದ ಮನುಷ್ಯನಿಗೆ ಒಂದು ದಿನ ಅವನ ಕಂಪನಿ, ಇನ್ನು ಮೇಲೆ ದಿನಾ ಬೆಳಿಗ್ಗೆ ನಿಂತುಕೊಂಡು ಕೆಲಸ ಶುರು ಮಾಡು ಎಂದು ಹೇಳಿತು. ಆ ಮನುಷ್ಯನೇ ನಮ್ಮ ಸೀಟಪ್ಪ. ಕಾರು ಕಂಪನಿಯ ಸೀಟು ವಿಭಾಗದಲ್ಲಿ ಎಂಜಿನಿಯರ್. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಇದ್ದರೂ ಇರಬಹುದು. ಉಳಿದಂತೆ ಗೇಟಿನ ಕಾವಲುಗಾರನಿಂದ ಹಿಡಿದು ಸ್ವಂತ ಮನೆಯ ಅಡುಗೆಮನೆಯವರೆಗೆ ಎಲ್ಲರಿಗೂ ಅವನು ಸೀಟಪ್ಪನೇ. ಹೆಸರಿನ ಬಗ್ಗೆ ಅವನ ತಕರಾರಿಲ್ಲ. ಅವನಿಗೆ ಯಾವುದರ ಬಗ್ಗೆಯೂ ತಕರಾರಿಲ್ಲ, ಈ ಕಥೆಯ ತೊಂದರೆ ಶುರುವಾಗುವುದೇ ಅಲ್ಲಿಂದ.

ಸೀಟಪ್ಪನ ಕುತ್ತಿಗೆ ಮೇಲಕ್ಕೂ ಕೆಳಕ್ಕೂ ಮಾತ್ರ ಆಡುತ್ತದೆ, ಅಡ್ಡಕ್ಕೆ ಆಡಿಸುವ ಕೀಲನ್ನು ಹುಟ್ಟುವಾಗಲೇ ಹಾಕಿಲ್ಲ ಎಂದು ಅವನ ಹೆಂಡತಿ ಹೇಳುತ್ತಾಳೆ. ಅವಳು ಡ್ರೈವಿಂಗ್ ಶಾಲೆಯಲ್ಲಿ ಪಾಠ ಹೇಳುವವಳು, ಯಾವ ಕೀಲು ಎಲ್ಲಿ ಆಡುವುದಿಲ್ಲ ಎಂದು ಅವಳಿಗೆ ನೋಡಿದ ತಕ್ಷಣ ತಿಳಿಯುತ್ತದೆ. ಸೀಟಪ್ಪನಿಗೂ ಇದು ಗೊತ್ತು. ಬೇರೆಯವರು ನಗುವ ಮೊದಲು ತಾನೇ ನಕ್ಕುಬಿಡುವುದು ಅವನು ಬಹಳ ಹಿಂದೆಯೇ ಕಂಡುಕೊಂಡ ಉಪಾಯ. ‘ಕಾರು ಮಾಡೋ ಕಂಪನಿಯಲ್ಲಿ ಇದ್ದೀನಿ, ಕಾರು ರಿವರ್ಸ್ ತೆಗೆಯೋಕೆ ಬರಲ್ಲ. ಸೀಟು ಮಾಡ್ತೀನಿ, ಬಸ್ಸಲ್ಲಿ ಸೀಟು ಸಿಗಲ್ಲ’ ಎಂದು ಅವನು ಯಾರಾದರೂ ಸಿಕ್ಕಿದರೆ ಮೊದಲೇ ಹೇಳಿ ಮುಗಿಸುತ್ತಿದ್ದ. ಎದುರಿನವರು ನಗುತ್ತಿದ್ದರು. ಆಮೇಲೆ ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ, ಅವನಿಗೂ ಬೇಕಾದದ್ದು ಅಷ್ಟೇ.

ಹೊಸ ಪದ್ಧತಿಯ ಹೆಸರು ಅಜೈಲ್. ಅದನ್ನು ಕಲಿಸಲು ಬಂದ ತರಬೇತಿಯವನು ಬಿಳಿ ಬೂಟು ಹಾಕಿಕೊಂಡು, ಕೋಣೆಯಲ್ಲಿದ್ದ ಮೇಜುಗಳನ್ನೆಲ್ಲ ಗೋಡೆಗೆ ತಳ್ಳಿಸಿ, ಬೋಳುತಲೆಯ ಹಿರಿಯ ಎಂಜಿನಿಯರುಗಳ ಕೈಯಲ್ಲಿ ಕಾಗದದ ವಿಮಾನ ಮಾಡಿಸಿದ. ಫೋನಿನ ಆ್ಯಪ್ ಮಾಡುವವರು ಹೀಗೇ ಕೆಲಸ ಮಾಡುತ್ತಾರಂತೆ. ದೊಡ್ಡ ಕೆಲಸವನ್ನು ಚೂರು ಚೂರು ಮಾಡುವುದು, ಎರಡು ವಾರಕ್ಕೆ ಒಂದೊಂದು ಚೂರು ಮುಗಿಸುವುದು, ತೋರಿಸಿ ಬೈಸಿಕೊಳ್ಳುವುದು, ತಿದ್ದಿಕೊಂಡು ಮುಂದಕ್ಕೆ ಹೋಗುವುದು. ಕಾರನ್ನೂ ಹಾಗೇ ಮಾಡಿದರೆ ಹೇಗೆ ಎಂದು ಕಂಪನಿಯ ಮೇಲಿನವರಿಗೆ ಹೊಳೆದಿತ್ತು. ಸೀಟಪ್ಪನಿಗೆ ಈ ಮಾತು ಇಷ್ಟವೇ ಆಯಿತು. ಅವನ ಕಾಲದಲ್ಲಿ ಒಂದು ಸೀಟಿನ ನಕ್ಷೆಗೆ ಹನ್ನೊಂದು ಜನ ಸಹಿ ಹಾಕುತ್ತಿದ್ದರು, ಹನ್ನೊಂದನೆಯವರ ಸಹಿ ಬೀಳುವ ಹೊತ್ತಿಗೆ ಮೊದಲನೆಯವರು ನಿವೃತ್ತರಾಗಿರುತ್ತಿದ್ದರು. ಇದರಲ್ಲಾದರೂ ಒಂದಿಷ್ಟು ಗಾಳಿ ಬೆಳಕು ಇರಲಿ ಎಂದು ಅವನು ತಲೆಯಾಡಿಸಿದ.

‘ಪ್ರತಿ ತಂಡಕ್ಕೂ ಒಬ್ಬ ಕೋಚ್ ಬೇಕು. ಯಾರಾಗ್ತೀರಿ?’ ಎಂದು ಬಿಳಿ ಬೂಟಿನವನು ಕೇಳಿದಾಗ ಇಡೀ ಕೋಣೆ ತನ್ನ ತನ್ನ ಕಾಲು ನೋಡಿಕೊಂಡಿತು. ಸೀಟಪ್ಪ ಮಾತ್ರ ಹಿಂದಿನ ಮಾತಿಗೆ ಆಡಿಸಲು ಶುರು ಮಾಡಿದ್ದ ತಲೆಯನ್ನು ಇನ್ನೂ ನಿಲ್ಲಿಸಿರಲಿಲ್ಲ. ಹಾಗೆ ಅವನು ಕಾರಿನ ಮುಂದಿನ ಸೀಟು ಮಾಡುವ ತಂಡದ ಕೋಚ್ ಆದ.

ಆದಮೇಲೆ ಬಿಡಲು ಮನಸ್ಸಾಗಲಿಲ್ಲ, ಅದನ್ನೂ ಹೇಳಿಬಿಡಬೇಕು. ವಯಸ್ಸು ಐವತ್ತು ದಾಟಿದ ಮೇಲೆ ಮೊದಲ ಸಲ ಅವನು ಬಾಯಿ ತೆರೆದರೆ ನಾಲ್ಕು ಜನ ತಿರುಗಿ ನೋಡುತ್ತಿದ್ದರು. ಹುಡುಗರು ‘ಕೋಚ್ ಸರ್’ ಎನ್ನುತ್ತಿದ್ದರು. ಹೆಂಡತಿ ತನ್ನ ಅಕ್ಕನಿಗೆ ಫೋನಿನಲ್ಲಿ, ‘ಇವರಿಗೆ ಪ್ರಮೋಷನ್ ಥರಾ ಕಣೇ’ ಎಂದು ಹೇಳಿದ್ದನ್ನು ಅವನು ಬಚ್ಚಲುಮನೆಯಿಂದಲೇ ಕೇಳಿಸಿಕೊಂಡು, ಮುಖ ತೊಳೆಯುವುದನ್ನು ಇನ್ನಷ್ಟು ಹೊತ್ತು ಮುಂದುವರಿಸಿದ್ದ. ಇನ್ನೊಂದು ಕಡೆ ಗೋಡೌನಿನ ಭಯವೂ ಇತ್ತು. ಕಾರ್ಖಾನೆಯ ಹಿಂಬದಿಯಲ್ಲಿ ಹಳೆಯ ಮಾದರಿಗಳ ಬಿಡಿಭಾಗ ತುಂಬಿಡುವ ಒಂದು ಗೋಡೌನು ಇದೆ, ಹೊಸ ಪದ್ಧತಿಗೆ ಒಗ್ಗದ ಹಿರಿಯರನ್ನು ಕಂಪನಿ ಅಲ್ಲಿಗೆ ಕಳಿಸುತ್ತಿತ್ತು. ಅವನ ಜೊತೆಗೇ ಕೆಲಸಕ್ಕೆ ಸೇರಿದ್ದ ಸ್ಟೀರಿಂಗ್ ವಿಭಾಗದ ಗೆಳೆಯ ಇದೆಲ್ಲ ತನಗಾಗದು ಎಂದು ಬಾಯಿಬಿಟ್ಟು ಹೇಳಿ ಅಲ್ಲಿಗೆ ಹೋಗಿ ಸೇರಿದ್ದ. ಸೀಟಪ್ಪ ಒಮ್ಮೆ ನೋಡಲು ಹೋದಾಗ ಆತ ಕನ್ನಡಿಗಳ ಪೆಟ್ಟಿಗೆಗಳ ನಡುವೆ ಒಬ್ಬನೇ ಕೂತು ಟೀ ಕುಡಿಯುತ್ತಿದ್ದ. ‘ಇಲ್ಲಿಗೆ ಯಾರೂ ಬರಲ್ಲ ಕಣೋ. ಬಂದೆಯಲ್ಲ, ಖುಷಿಯಾಯ್ತು’ ಎಂದ. ಆ ದಿನದಿಂದ ಸೀಟಪ್ಪನಿಗೆ ಏನು ಬೇಕಾದರೂ ಆಗಲಿ, ಗೋಡೌನು ಮಾತ್ರ ಬೇಡ ಎನ್ನಿಸಿಬಿಟ್ಟಿತ್ತು.

ಕೆಲಸ ಶುರುವಾಯಿತು. ಗೋಡೆಯನ್ನು ಮೂರು ಭಾಗ ಮಾಡಿ ಮಾಡಬೇಕಾದದ್ದು, ಮಾಡುತ್ತಿರುವುದು, ಮುಗಿದದ್ದು ಎಂದು ಬರೆದರು. ಬಣ್ಣಬಣ್ಣದ ಅಂಟುಚೀಟಿಗಳಲ್ಲಿ ಒಂದೊಂದು ಕೆಲಸ ಬರೆದು ಎಡದಿಂದ ಬಲಕ್ಕೆ ಸರಿಸುತ್ತ ಹೋಗುವುದು. ಬೆಳಿಗ್ಗೆ ಎಲ್ಲರೂ ಆ ಗೋಡೆಯ ಮುಂದೆ ಅರ್ಧಚಂದ್ರಾಕಾರದಲ್ಲಿ ನಿಂತು, ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಏನಾದರೂ ಅಡ್ಡಿ ಇದೆಯೇ ಎಂದು ಹೇಳಬೇಕು. ನಿಂತರೆ ಮೀಟಿಂಗು ಬೇಗ ಮುಗಿಯುತ್ತದೆ ಎಂಬ ಲೆಕ್ಕ. ಅಡ್ಡಿ ಇದೆ ಎಂದವರು ಇನ್ನಷ್ಟು ಹೊತ್ತು ನಿಲ್ಲಬೇಕಾಗುತ್ತಿದ್ದುದರಿಂದ ಯಾರಿಗೂ ಯಾವ ಅಡ್ಡಿಯೂ ಇರುತ್ತಿರಲಿಲ್ಲ.

ಮೊದಲ ವಾರವೇ ಸೀಟಪ್ಪ ಉತ್ಸಾಹದಿಂದ ಕುಶನ್ ಮಾಡಿಕೊಡುವ ಫ್ಯಾಕ್ಟರಿಗೆ ಫೋನ್ ಮಾಡಿದ.

‘ಎರಡು ವಾರಕ್ಕೊಂದು ಹೊಸ ಆಕಾರ ಬೇಕಾ?’ ಎಂದು ಆ ಕಡೆಯವನು ಕೇಳಿದ. ‘ಸರ್, ಅಚ್ಚು ಮಾಡೋಕೇ ನಾಲ್ಕು ತಿಂಗಳು. ನೀವು ಬೇಕರಿಗೆ ಫೋನ್ ಮಾಡೋದಕ್ಕೆ ಹೋಗಿ ನಮಗೆ ಮಾಡಿದ್ರಾ?’

ಸೀಟಪ್ಪ ಫೋನಿಗೇ ತಲೆಯಾಡಿಸಿ ಇಟ್ಟ. ಕಬ್ಬಿಣ ಎರಡು ವಾರದಲ್ಲಿ ಬಗ್ಗುವುದಿಲ್ಲ, ಸ್ಪಂಜು ಎರಡು ವಾರದಲ್ಲಿ ಉಬ್ಬುವುದಿಲ್ಲ, ವೈರುಗಳ ಕಟ್ಟು ಹಿಂದಿನ ವರ್ಷವೇ ತೀರ್ಮಾನವಾಗಿ ಎಲ್ಲೋ ದೂರದಲ್ಲಿ ತಯಾರಾಗುತ್ತಿತ್ತು. ಎರಡು ವಾರದಲ್ಲಿ ಬದಲಾಗುವುದು ಕಂಪ್ಯೂಟರಿನಲ್ಲಿ ಬರೆಯುವ ಕೋಡ್ ಒಂದೇ. ಹಾಗಾಗಿ ತಂಡ ನಿಧಾನಕ್ಕೆ ಒಂದು ಬುದ್ಧಿವಂತಿಕೆ ಕಲಿಯಿತು. ಎರಡು ವಾರದಲ್ಲಿ ಆಗದ ಕೆಲಸವನ್ನು ಚೀಟಿಯಲ್ಲಿ ಬರೆಯುವುದನ್ನೇ ಬಿಟ್ಟಿತು. ಆಮೇಲೆ ಗೋಡೆ ನೋಡಲು ಬಹಳ ಚೆನ್ನಾಗಿ ಕಾಣುತ್ತಿತ್ತು.

ಅವರ ಪಾಲಿಗೆ ಬಂದದ್ದು ಹೊಸ ಕಾರಿನ ದೊಡ್ಡ ಆಕರ್ಷಣೆ. ಕಾರು ನಿಲ್ಲಿಸಿ ಎಂಜಿನ್ ಆರಿಸಿ ಬಾಗಿಲು ತೆರೆದರೆ ಡ್ರೈವರ್ ಸೀಟು ತಾನಾಗಿಯೇ ನಿಧಾನವಾಗಿ ಹಿಂದಕ್ಕೆ ಸರಿದು, ಇಳಿಯಲು ಜಾಗ ಬಿಟ್ಟುಕೊಡಬೇಕು. ಮತ್ತೆ ಹತ್ತಿ ಎಂಜಿನ್ ಶುರು ಮಾಡಿದರೆ ತನ್ನ ಹಳೆಯ ಜಾಗಕ್ಕೆ ಬರಬೇಕು. ದೊಡ್ಡವರು ಬಂದಾಗ ಎದ್ದು ಜಾಗ ಬಿಡುವ ಹುಡುಗರ ಹಾಗೆ ಎಂದು ಸೀಟಪ್ಪ ಅದಕ್ಕೆ ಮರ್ಯಾದಸ್ಥ ಸೀಟು ಎಂದು ಹೆಸರಿಟ್ಟ. ಕೋಡ್ ಬರೆಯುತ್ತಿದ್ದವಳು ತಂಡದ ಅತಿ ಚಿಕ್ಕ ಹುಡುಗಿ. ಸೀಟು ಎಷ್ಟು ಮೆಲ್ಲಗೆ ಹೊರಡಬೇಕು, ಎಷ್ಟು ಮೆಲ್ಲಗೆ ನಿಲ್ಲಬೇಕು ಎಂದು ಅವರಿಬ್ಬರೂ ವಾರಗಟ್ಟಲೆ ಕೂತು ಸರಿ ಮಾಡಿದರು. ಕೋಣೆಯ ಮಧ್ಯೆ ಒಂದು ಕಬ್ಬಿಣದ ಚೌಕಟ್ಟಿನ ಮೇಲೆ ಸೀಟೊಂದನ್ನು ಬೋಲ್ಟ್ ಹಾಕಿ ಕೂರಿಸಿದ್ದರು. ಅದರ ಮುಂದೆ ಸ್ಟೀರಿಂಗ್ ಇತ್ತು, ಪಕ್ಕದಲ್ಲಿ ಬಾಗಿಲಿನ ಬದಲು ಒಂದು ಗುಂಡಿ ಇತ್ತು, ಹಿಂದೆ ಕಿಟಕಿ, ಕಿಟಕಿಯಾಚೆ ಸೈಕಲ್ ಸ್ಟ್ಯಾಂಡು.

ಒಂದು ಬೆಳಿಗ್ಗೆ ನಿಂತ ಮೀಟಿಂಗಿನಲ್ಲಿ ಆ ಹುಡುಗಿ, ‘ಸರ್, ಹಿಂದೆ ಯಾರಾದ್ರೂ ಕೂತಿದ್ರೆ?’ ಎಂದು ಕೇಳಿದಳು.

‘ಹಿಂದಿನ ಸೀಟು ನಮ್ಮ ಗೋಡೆಯಲ್ಲಿ ಇಲ್ಲಮ್ಮ’ ಎಂದ ಸೀಟಪ್ಪ. ‘ಅದು ಮೇಲಿನ ಮಹಡಿಯ ತಂಡದ್ದು. ಅವರು ನೋಡ್ಕೋತಾರೆ.’

ಎಷ್ಟು ಕೋಚಿನ ಹಾಗೆ ಹೇಳಿದೆ ಎಂದು ಅವನಿಗೇ ಹೆಮ್ಮೆಯಾಯಿತು. ಹುಡುಗಿ ಸುಮ್ಮನಾದಳು. ಅವಳ ಕಾಲೂ ನೋಯುತ್ತಿದ್ದಿರಬೇಕು. ಆ ವಾರದ ಕೊನೆಗೆ ಬೇರೆ ತಂಡದವರೆಲ್ಲ ಬಂದು ಚೌಕಟ್ಟಿನ ಮೇಲಿನ ಸೀಟು ಸರಿಯುವುದನ್ನು ನೋಡಿ ಚಪ್ಪಾಳೆ ತಟ್ಟಿದರು, ಸೀಟಪ್ಪ ಹಳದಿ ಚೀಟಿಯನ್ನು ತನ್ನ ಕೈಯಾರೆ ‘ಮುಗಿದದ್ದು’ ಭಾಗಕ್ಕೆ ಅಂಟಿಸಿದ.

ಮನೆಯಲ್ಲಿ ಇರುವವರು ಮೂವರು. ಸೀಟಪ್ಪ, ಹೆಂಡತಿ, ಹೆಂಡತಿಯ ತಾಯಿ. ಅತ್ತೆಗೆ ಎರಡೂ ಮಂಡಿ ಸವೆದಿದೆ, ನಾಲಿಗೆ ಸವೆದಿಲ್ಲ. ಕೋಚಾದ ಹುರುಪಿನಲ್ಲಿ ಸೀಟಪ್ಪ ಮನೆಯಲ್ಲೂ ಒಂದು ನಿಂತ ಮೀಟಿಂಗು ಮಾಡಲು ಹೋದ. ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿದ. ಅತ್ತೆ ಕುರ್ಚಿ ಎಳೆದುಕೊಂಡು ಫ್ರಿಜ್ಜಿನ ಮುಂದೆ ಕೂತರು.

‘ಅತ್ತೆ, ಇದು ನಿಂತ್ಕೊಂಡು ಮಾಡೋ ಮೀಟಿಂಗು.’

‘ನೀವು ನಿಂತ್ಕೊಳ್ಳಿ ಅಳಿಯಂದ್ರೇ, ನಾನು ಬೇಡ ಅಂದ್ನಾ? ನಿನ್ನೆ ಬಚ್ಚಲಿನ ನಲ್ಲಿ ಸೋರ್ತಿತ್ತು, ಇವತ್ತೂ ಸೋರ್ತಿದೆ, ನಾಳೆ ಏನು ಅಡ್ಡಿ ಹೇಳಿ.’

ಮೀಟಿಂಗು ಬೇಗ ಮುಗಿಯಿತು. ಸೀಟಪ್ಪ ಹೋಗಿ ನಲ್ಲಿ ರಿಪೇರಿ ಮಾಡಿದ, ಅಲ್ಲಿಗೆ ಮನೆಯಲ್ಲಿ ಅಜೈಲ್ ನಿಂತುಹೋಯಿತು.

ಹೊಸ ಕಾರಿನ ಮೊದಲ ಕೆಲವು ಗಾಡಿಗಳು ತಯಾರಾದಾಗ, ಎಲ್ಲ ಕೋಚುಗಳೂ ಒಂದು ವಾರ ಮನೆಗೆ ಒಯ್ದು ಓಡಿಸಿ ನೋಡಲಿ ಎಂದು ಕಂಪನಿ ಹೇಳಿತು. ರಿವರ್ಸ್ ಬಾರದ ಸೀಟಪ್ಪ ಕೀಲಿಯನ್ನು ಸೀದಾ ಹೆಂಡತಿಯ ಕೈಗೆ ಕೊಟ್ಟ. ಆ ವಾರ ಅತ್ತೆಯನ್ನು ಮಂಡಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದಿತ್ತು. ಅತ್ತೆ ಎಂದಿನಂತೆ ಮಗಳ ಹಿಂದಿನ ಸೀಟು ಹಿಡಿದರು. ಮಗಳು ಕುಳ್ಳಿ, ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಂಡು ಓಡಿಸುವವಳು, ಅವಳ ಹಿಂದೆ ಕೂತರೆ ಕಾಲು ಚಾಚಲು ಧಾರಾಳ ಜಾಗ. ಸೀಟಪ್ಪ ಹೆಂಡತಿಯ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ತನ್ನ ಸೀಟಿನ ಗುಣಗಾನ ಮಾಡಿದ.

‘ನೋಡ್ತಿರು, ನೀನು ಇಳಿಯೋವಾಗ ಅದೇ ಜಾಗ ಬಿಡುತ್ತೆ. ಕೇಳೋದೂ ಬೇಡ.’

ಆಸ್ಪತ್ರೆಯ ಮುಂದೆ ಹೆಂಡತಿ ಕಾರು ನಿಲ್ಲಿಸಿದಳು. ಎಂಜಿನ್ ಆರಿಸಿದಳು, ಬಾಗಿಲು ತೆರೆದಳು. ಸೀಟು ಹೊರಟಿತು. ಸದ್ದಿಲ್ಲ, ಜಗ್ಗಾಟವಿಲ್ಲ, ಬೆಣ್ಣೆಯ ಹಾಗೆ. ಸೀಟಪ್ಪನ ಎದೆ ಉಬ್ಬಿತು. ತಾವು ಚೌಕಟ್ಟಿನ ಮೇಲೆ ನೋಡಿದ್ದಕ್ಕಿಂತ ಇದು ಇನ್ನೂ ನಯವಾಗಿದೆ ಎಂದು ಅವನು ಮೆಚ್ಚಿಕೊಳ್ಳುತ್ತಿದ್ದಾಗಲೇ ಹಿಂದಿನಿಂದ ಅತ್ತೆಯ ದನಿ ಕೇಳಿತು.

‘ಅಳಿಯಂದ್ರೇ, ಈ ಸೀಟು ನನ್ನ ಮೇಲೆ ಬರ್ತಿದೆ.’

ಮೊದಲು ಅವನಿಗೆ ಅರ್ಥವಾಗಲಿಲ್ಲ. ಸೀಟು ಬರುತ್ತಲೇ ಇತ್ತು. ಅತ್ತೆಗೆ ಕಾಲು ಮಡಚಲು ಆಗುವುದಿಲ್ಲ, ಸರಿಯಲು ಜಾಗವಿಲ್ಲ. ಅದು ಬಂದು ಎರಡು ಮಂಡಿಗಳನ್ನೂ ಒತ್ತಿ ಹಿಡಿದು, ಇನ್ನೂ ಸ್ವಲ್ಪ ಒತ್ತಿ, ಆಮೇಲೆ ನಿಂತಿತು. ಅತ್ತೆ ಕೂಗಲಿಲ್ಲ. ‘ಅಮ್ಮಾ’ ಎಂದು ಉಸಿರಿನಲ್ಲೇ ಹೇಳಿ ಕಣ್ಣು ಮುಚ್ಚಿಕೊಂಡರು. ಸೀಟಪ್ಪ ಪಕ್ಕದಿಂದ ಗುಂಡಿ ಒತ್ತಿದ, ಸೀಟನ್ನು ತಳ್ಳಿದ, ಎಂಜಿನ್ ಆರಿದ್ದರಿಂದ ಏನೂ ಆಗಲಿಲ್ಲ. ಹೆಂಡತಿ ಮತ್ತೆ ಒಳಗೆ ಹಾರಿ ಕೂತು ಎಂಜಿನ್ ಶುರು ಮಾಡಿದ ಮೇಲೆ ಸೀಟು ಅಷ್ಟೇ ನಯವಾಗಿ ಮುಂದಕ್ಕೆ ಹೋಯಿತು.

ಒಂದು ಒಳ್ಳೆಯದೆಂದರೆ ಡಾಕ್ಟರು ಎದುರಿಗೇ ಇದ್ದರು. ಮೂಳೆಗೆ ಏನೂ ಆಗಿಲ್ಲ, ಆದರೆ ಊತ ಇಳಿಯಲು ದಿನ ಹಿಡಿಯುತ್ತದೆ ಎಂದರು. ಹೊರಗೆ ಬೆಂಚಿನ ಮೇಲೆ ಮಂಡಿಗೆ ಪಟ್ಟಿ ಸುತ್ತಿಸಿಕೊಂಡು ಕೂತ ಅತ್ತೆ, ‘ಆ ಸೀಟು ಮಾಡಿದ್ದು ಯಾರು?’ ಎಂದು ಕೇಳಿದರು.

‘ಅದು ಬೇರೆ ಟೀಮು ಅತ್ತೆ’ ಎಂದುಬಿಟ್ಟ ಸೀಟಪ್ಪ.

ದಾರಿಯುದ್ದಕ್ಕೂ ಗುಣಗಾನ ಕೇಳಿಸಿಕೊಂಡಿದ್ದ ಹೆಂಡತಿ ಅವನ ಮುಖ ನೋಡಿದಳು. ಅತ್ತೆಯೂ ಕೇಳಿಸಿಕೊಂಡಿದ್ದರು, ಅವರ ಕಿವಿಯೂ ಸವೆದಿರಲಿಲ್ಲ. ಆದರೂ ಅವರು, ‘ಪಾಪ, ಅವರಿಗೆ ಗೊತ್ತಾಗಿರಲ್ಲ. ಹೇಳಿಬಿಡಿ’ ಎಂದಷ್ಟೇ ಹೇಳಿ ಮಂಡಿ ನೀವಿಕೊಂಡರು. ಸೀಟಪ್ಪನಿಗೆ ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು. ಅದಾದರೂ ಎರಡು ವಾರ ತೆಗೆದುಕೊಳ್ಳುತ್ತದೋ ಏನೋ ಎಂದೂ ಅನಿಸಿತು. ಅಂಥ ಹೊತ್ತಿನಲ್ಲೂ ತನಗೆ ಇಂಥ ಜೋಕು ಹೊಳೆಯುತ್ತದಲ್ಲ ಎಂದು ಅವನಿಗೆ ಹೇಸಿಗೆಯಾಯಿತು.

ಮನೆಗೆ ಬಂದ ಮೇಲೆ ಹೆಂಡತಿ ಜಗಳ ಮಾಡಲಿಲ್ಲ. ‘ರೀ, ಅಮ್ಮನಿಗಾದ್ರೆ ಬಾಯಿ ಇದೆ. ಹಿಂದೆ ಮಗು ಕೂತಿದ್ದರೆ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಾರಿನ ಕೀಲಿಯನ್ನು ಅವನ ಕೈಗೆ ಇಟ್ಟಳು.

ಮರುದಿನ ಸೀಟಪ್ಪ ಮೇಲಿನ ಮಹಡಿಗೆ ಹೋದ. ಹಿಂದಿನ ಸೀಟಿನ ತಂಡದ ಕೋಚು ಅವನನ್ನು ತಮ್ಮ ಗೋಡೆಯ ಮುಂದೆ ಕರೆದುಕೊಂಡು ಹೋಗಿ, ಎಡಗಡೆಯ ಮೂಲೆಯಲ್ಲಿ ಬಣ್ಣ ಮಾಸಿದ ಒಂದು ಚೀಟಿ ತೋರಿಸಿದ. ಹಿಂದೆ ಯಾರಿದ್ದಾರೆ ಎಂದು ಮುಂದಿನ ಸೀಟಿಗೆ ತಿಳಿಸುವುದು, ಎಂದು ಅದರಲ್ಲಿತ್ತು.

‘ಇದೆ ನೋಡಿ. ಬಿಟ್ಟಿಲ್ಲ ನಾವು. ಕಾರು ಮಾರ್ಕೆಟ್ಟಿಗೆ ಹೋದ ಮೇಲೆ ಅಪ್ಡೇಟಲ್ಲಿ ಕೊಡ್ತೀವಿ.’

‘ಹಿಂದಿನ ಸೀಟಿಂದ ಮುಂದಿನ ಸೀಟಿಗೆ ಸುದ್ದಿ ತರೋ ವೈರೇ ಕಾರಲ್ಲಿ ಇಲ್ವಲ್ಲ.’

‘ವೈರು ನಮ್ಮ ಗೋಡೆಯಲ್ಲಿ ಇಲ್ಲ ಸರ್’ ಎಂದ ಆತ, ಬಹಳ ಸೌಜನ್ಯದಿಂದ.

ವೈರನ್ನು ಅಪ್ಡೇಟಿನಲ್ಲಿ ಹೇಗೆ ಕಳಿಸುತ್ತೀರಪ್ಪ ಎಂದು ಕೇಳಬೇಕು ಅನ್ನಿಸಿತು. ಆದರೆ ಆ ಮಾತು, ಆ ದನಿ, ಆ ಸೌಜನ್ಯ ಎಲ್ಲವೂ ತನ್ನದೇ ಎಂದು ಗೊತ್ತಾಗಿ ಅವನು ತಲೆಯಾಡಿಸಿ ಕೆಳಗಿಳಿದ. ಈಗ ಉಳಿದ ದಾರಿ ಒಂದೇ. ಈ ಕಾರಿನಲ್ಲಿ ಸೀಟು ಸರಿಯಬಾರದು. ಸರಿಯಬಾರದು ಎಂದರೆ ಮುಗಿದ ಚೀಟಿ ಮುಗಿದಿಲ್ಲ ಎಂದಾಗುತ್ತದೆ, ತಂಡದ ಅಷ್ಟು ತಿಂಗಳ ಕೆಲಸ ನೀರಿನಲ್ಲಿ ಹೋಮವಾಗುತ್ತದೆ, ಜಾಹೀರಾತಿನಲ್ಲಿ ಆಗಲೇ ಸರಿಯುತ್ತಿರುವ ಸೀಟು ನಿಲ್ಲಬೇಕಾಗುತ್ತದೆ. ಅದನ್ನು ಹೇಳಿದವನು ಕನ್ನಡಿಗಳ ಪೆಟ್ಟಿಗೆಗಳ ನಡುವೆ ಟೀ ಕುಡಿಯುತ್ತಾನೆ. ಹೇಳಲು ಇದ್ದ ಅವಕಾಶವೂ ಒಂದೇ. ಆ ವಾರದ ಕೊನೆಯಲ್ಲಿ ದೊಡ್ಡ ಸಾಹೇಬರು ಖುದ್ದಾಗಿ ಬಂದು, ಕಾರಿನಲ್ಲಿ ಕೂತು ನೋಡಿ, ಒಪ್ಪಿಗೆ ಕೊಡುವವರಿದ್ದರು.

ಊಟದ ಹೊತ್ತಿನಲ್ಲಿ ಯಾರೂ ಇಲ್ಲದಾಗ ಸೀಟಪ್ಪ ಗೋಡೆಯ ಹತ್ತಿರ ಹೋಗಿ ಹಳದಿ ಚೀಟಿಯನ್ನು ಕಿತ್ತು ‘ಮಾಡುತ್ತಿರುವುದು’ ಭಾಗಕ್ಕೆ ಅಂಟಿಸಿದ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಮತ್ತೆ ಕಿತ್ತು ‘ಮುಗಿದದ್ದು’ ಭಾಗಕ್ಕೆ ಅಂಟಿಸಿದ. ಹೀಗೆ ಎರಡು ದಿನ ಅತ್ತಿಂದಿತ್ತ ಓಡಾಡಿ ಚೀಟಿಯ ಅಂಟೆಲ್ಲ ಹೋಗಿ, ಅದು ಅವನ ಕಾಲ ಬುಡಕ್ಕೇ ಬಿತ್ತು. ಬಗ್ಗಿ ಎತ್ತಿಕೊಳ್ಳುವಾಗ ಕೋಡಿನ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಸೀಟಪ್ಪ ಎಲ್ಲವನ್ನೂ ಹೇಳಿದ, ಅತ್ತೆಯ ಮಂಡಿಯ ಸಮೇತ. ತಾನು ಸುಳ್ಳು ಹೇಳಿದ್ದನ್ನು ಮಾತ್ರ ಬಿಟ್ಟ.

‘ಸರ್, ನಾನು ಅವತ್ತೇ ಕೇಳಿದ್ದೆ’ ಎಂದಳು ಹುಡುಗಿ. ಅವಳ ಕಣ್ಣಲ್ಲಿ ನೀರಿತ್ತು. ‘ನೀವು ಅದು ನಮ್ಮದಲ್ಲ ಅಂದ್ರಿ. ಈಗ ನಾನು ಹೇಳಿದ್ರೆ ಕೆಲಸಕ್ಕೆ ಬಂದ ವರ್ಷವೇ ತಪ್ಪು ಮಾಡಿದವಳು ಅಂತ ಆಗುತ್ತೆ. ನೀವೇ ಹೇಳ್ಬೇಕು.’

‘ಹೇಳ್ತೀನಮ್ಮ’ ಎಂದು ಅವನು ತಲೆಯಾಡಿಸಿದ. ಆ ತಲೆಯಾಡಿಕೆಗೆ ಎಷ್ಟು ಬೆಲೆ ಎಂದು ಇಬ್ಬರಿಗೂ ಗೊತ್ತಿತ್ತು.

ದೊಡ್ಡ ಸಾಹೇಬರು ಹುದ್ದೆಯಲ್ಲಿ ಮಾತ್ರ ದೊಡ್ಡವರು, ಎತ್ತರದಲ್ಲಿ ಸೀಟಪ್ಪನ ಭುಜಕ್ಕೆ ಬರುತ್ತಾರೆ. ಷೆಡ್ಡಿನ ನಡುವೆ ತೊಳೆದು ಒರೆಸಿದ ಹೊಸ ಕಾರು ನಿಂತಿತ್ತು. ಸುತ್ತಲೂ ಎಲ್ಲ ತಂಡದವರೂ ನಿಂತಿದ್ದರು. ಸಾಹೇಬರು ಡ್ರೈವರ್ ಸೀಟಿನಲ್ಲಿ ಕೂತು, ಸೀಟನ್ನು ಮುಂದಕ್ಕೆ ಎಳೆದುಕೊಂಡು, ಎಂಜಿನ್ ಶುರು ಮಾಡಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದರು.

‘ಏನ್ರೀ ಕೋಚ್, ಎಲ್ಲಾ ಮುಗಿದಿದೆಯಾ?’

ಸೀಟಪ್ಪ ಹಿಂದಿನ ರಾತ್ರಿಯೆಲ್ಲ ಈ ಪ್ರಶ್ನೆಗೆ ಉತ್ತರ ಕಟ್ಟಿದ್ದ. ಮೊದಲು ವೈರಿನ ವಿಷಯ, ಆಮೇಲೆ ಮಂಡಿಯ ವಿಷಯ, ಕೊನೆಗೆ ತನ್ನ ತಪ್ಪು. ಬಾಯಿ ತೆರೆದ. ‘ಮುಗಿದಿದೆ ಸರ್’ ಎಂಬ ಮಾತು ಹೊರಗೆ ಬಂದದ್ದನ್ನು ಎಲ್ಲರ ಜೊತೆಗೆ ಅವನೂ ಕೇಳಿಸಿಕೊಂಡ. ಕೋಡಿನ ಹುಡುಗಿ ನೆಲ ನೋಡಿದಳು.

ಆಮೇಲೆ ಅವನು ಮಾಡಿದ್ದು ಧೈರ್ಯದಿಂದ ಎಂದು ಯಾರೂ ತಿಳಿಯಬಾರದು. ಅವನು ಓಡಿಹೋಗಲು ನೋಡಿದ. ಓಡಿಹೋಗಲು ಹತ್ತಿರದಲ್ಲಿ ಇದ್ದದ್ದು ಕಾರಿನ ಹಿಂದಿನ ಬಾಗಿಲು. ತೆರೆದು ಒಳಗೆ ಕೂತು ಬಾಗಿಲು ಹಾಕಿಕೊಂಡ. ಕೂತ ಮೇಲೆ ತಾನು ಸಾಹೇಬರ ಹಿಂದೆಯೇ ಕೂತಿದ್ದೇನೆ ಎಂದು ತಿಳಿಯಿತು. ಈಗಲೂ ಪಕ್ಕಕ್ಕೆ ಜರುಗಬಹುದಿತ್ತು. ಮಂಡಿಗೆ ಪಟ್ಟಿ ಸುತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದ ಅತ್ತೆ ಕಣ್ಣ ಮುಂದೆ ಬಂದರು. ಅವನು ಜರುಗಲಿಲ್ಲ. ಬಾಯಿಯಿಂದ ಆಗದ್ದು ಕಾಲಿನಿಂದಾದರೂ ಆಗಲಿ ಎಂದು ಎರಡು ಮಂಡಿಗಳನ್ನೂ ಸೀಟಿನ ಬೆನ್ನಿಗೆ ನೇರ ಇಟ್ಟುಕೊಂಡ.

ಸಾಹೇಬರು ಎಂಜಿನ್ ಆರಿಸಿದರು. ಬಾಗಿಲು ತೆರೆದರು. ಸೀಟು ಹೊರಟಿತು.

ನೋವು ಅವನು ಎಣಿಸಿದ್ದಕ್ಕಿಂತ ಹೆಚ್ಚಿತ್ತು. ಸಾಹೇಬರು ಸಲೀಸಾಗಿ ಇಳಿದು, ‘ವಾ, ತುಂಬಾ ಚೆನ್ನಾಗಿದೆ’ ಎಂದರು. ಷೆಡ್ಡಿನಲ್ಲಿ ಚಪ್ಪಾಳೆ ಶುರುವಾಯಿತು. ಸೀಟಪ್ಪ ‘ಸರ್’ ಎಂದ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ‘ಸರ್’ ಎಂದ. ಜೀವಮಾನವೆಲ್ಲ ಮೆಲ್ಲಗೆ ಮಾತಾಡಿದ ಗಂಟಲಿಗೆ ಚಪ್ಪಾಳೆಯ ಮೇಲೆ ಹೋಗುವ ಅಭ್ಯಾಸವಿರಲಿಲ್ಲ. ಹೊರಗೆ ಎಲ್ಲರೂ ಅವನು ಮಾಡಿದ ಸೀಟನ್ನು ಮೆಚ್ಚುತ್ತಿದ್ದರು, ಒಳಗೆ ಅದೇ ಸೀಟು ಅವನನ್ನು ಅಮುಕಿ ಹಿಡಿದಿತ್ತು. ಕೊನೆಗೆ ಅವನು ಕಿಟಕಿಯ ಗಾಜಿಗೆ ಮುಷ್ಟಿಯಿಂದ ಗುದ್ದಿದ. ಮೊದಲು ಓಡಿಬಂದವಳು ಕೋಡಿನ ಹುಡುಗಿ.

‘ಸರ್, ಹಿಂದೆ ನಮ್ಮ ಸರ್ ಇದ್ದಾರೆ’ ಎಂದು ಅವಳು ಸಾಹೇಬರಿಗೆ ಹೇಳಿದಳು.

ಚಪ್ಪಾಳೆ ನಿಂತಿತು. ಸಾಹೇಬರು ಬಗ್ಗಿ ಒಳಗೆ ನೋಡಿದರು.

‘ನೀವ್ಯಾಕ್ರೀ ಅಲ್ಲಿ ಹೋಗಿ ಕೂತಿದ್ದೀರಿ?’

‘ಕಾರಿಗೆ ಹಿಂದಿನ ಸೀಟೂ ಇರುತ್ತಲ್ಲ ಸರ್’ ಎಂದ ಸೀಟಪ್ಪ. ಒಮ್ಮೆ ಶುರುವಾದ ಮೇಲೆ ಉಳಿದದ್ದು ತಾನಾಗಿ ಬಂತು. ‘ಇದು ಮುಗಿದಿಲ್ಲ ಸರ್. ಹಿಂದೆ ಜನ ಇದ್ದಾರೆ ಅಂತ ಇದಕ್ಕೆ ಗೊತ್ತಾಗಲ್ಲ. ಗೊತ್ತು ಮಾಡೋಕೆ ವೈರಿಲ್ಲ. ಮೊನ್ನೆ ನಮ್ಮ ಅತ್ತೆಯ ಮಂಡಿಗೂ ಹೀಗೇ ಆಯ್ತು. ಆದ ಮೇಲೂ ಮುಗಿದಿದೆ ಅಂತ ಗೋಡೆಗೆ ಅಂಟಿಸಿದವನು ನಾನೇ. ಈ ಹುಡುಗಿ ಮುಂಚೆನೇ ಕೇಳಿದ್ದಳು, ಸುಮ್ಮನಿರಿಸಿದವನೂ ನಾನೇ. ಎರಡು ವಾರದಲ್ಲಿ ಆಗೋ ಕೆಲಸ ಅಲ್ಲ ಸರ್ ಇದು. ಈಗ ದಯವಿಟ್ಟು ಎಂಜಿನ್ ಶುರು ಮಾಡಿ, ಕಾಲು ತುಂಬಾ ನೋಯ್ತಿದೆ.’

ಸಾಹೇಬರು ಗಡಿಬಿಡಿಯಲ್ಲಿ ಒಳಗೆ ಕೂತು ಎಂಜಿನ್ ಶುರು ಮಾಡುವ ಬದಲು ಸೀಟಿನ ಪಕ್ಕದ ಹಿಡಿ ಎಳೆದರು, ಸೀಟಿನ ಬೆನ್ನು ಮಲಗಿ ಸೀಟಪ್ಪನ ಎದೆಯ ಮೇಲೆ ಬಂತು. ಒಂದು ಕ್ಷಣ ಕಂಪನಿಯ ಅತಿ ದೊಡ್ಡ ಸಾಹೇಬರ ತಲೆ ಅವನ ಮಡಿಲಲ್ಲಿತ್ತು. ಅಷ್ಟು ಹತ್ತಿರದಿಂದ ಅವರು ಸೀಟಪ್ಪನ ಮುಖ ನೋಡಿದರು. ಆಮೇಲೆ ಹುಡುಗಿ ಕೈ ಹಾಕಿ ಎಂಜಿನ್ ಶುರು ಮಾಡಿದಳು.

ನಂತರದ್ದು ಬೇಗ ನಡೆಯಿತು. ಈ ಕಾರಿನಲ್ಲಿ ಸೀಟು ಸರಿಯುವುದಿಲ್ಲ, ವೈರು ಬಂದ ಮೇಲೆ ಮುಂದಿನ ಕಾರಿನಲ್ಲಿ ನೋಡೋಣ ಎಂದು ಸಾಹೇಬರು ತೀರ್ಮಾನಿಸಿದರು. ಜಾಹೀರಾತು ನಿಂತಿತು. ತಂಡಕ್ಕೆ ಹುಡುಗಿಯನ್ನೇ ಕೋಚ್ ಮಾಡಿದರು, ಅದು ಸರಿಯಾದ ಕೆಲಸ. ಸೀಟಪ್ಪನನ್ನು ಯಾರೂ ಬೈಯಲಿಲ್ಲ. ಹೇಳಿದ್ದು ಒಳ್ಳೆಯದಾಯಿತು, ಆದರೆ ಸ್ವಲ್ಪ ಮುಂಚೆ ಹೇಳಬೇಕಿತ್ತು ಎಂದು ಮರ್ಯಾದೆಯಿಂದಲೇ ತಿಳಿಸಿ, ಮುಂದಿನ ತಿಂಗಳಿಂದ ಗೋಡೌನಿಗೆ ಹೋಗಲು ಹೇಳಿದರು. ಅವನು ಈ ಮಾತಿಗೂ ತಲೆಯಾಡಿಸಿದ. ಹೊರಗೆ ಬಂದು ಬಸ್ಸಿಗೆ ನಿಂತಾಗ ಮಾತ್ರ ಅಳು ಬಂತು. ಸರಿಯಾದದ್ದನ್ನು ಮಾಡಿದವರಿಗೆ ಮನಸ್ಸು ಹಗುರವಾಗುತ್ತದೆ ಎಂದು ಅವನು ಎಲ್ಲೋ ಕೇಳಿದ್ದ. ಅವನಿಗೆ ಹಾಗೇನೂ ಆಗಲಿಲ್ಲ. ಗೋಡೌನಿನ ಭಯ ಹಾಗೇ ಇತ್ತು, ಮಂಡಿ ಬೇರೆ ನೋಯುತ್ತಿತ್ತು.

ಮನೆಗೆ ಬಂದಾಗ ಅತ್ತೆ ಕಾಲನ್ನು ಸ್ಟೂಲಿನ ಮೇಲಿಟ್ಟು, ಬಿಸಿನೀರಿನ ಚೀಲ ಮಂಡಿಗೆ ಒತ್ತಿಕೊಂಡು ಕೂತಿದ್ದರು. ಹೆಂಡತಿ ಇನ್ನೂ ಪಾಠ ಮುಗಿಸಿ ಬಂದಿರಲಿಲ್ಲ. ಅಳಿಯ ಕುಂಟುತ್ತ ಒಳಗೆ ಬಂದದ್ದನ್ನು ನೋಡಿ ಅತ್ತೆ ಏನಾಯಿತು ಎಂದು ಕೇಳಿದರು. ಸೀಟಪ್ಪ ಎದುರಿನ ಕುರ್ಚಿಯಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದ. ನಗಿಸುವ ಹಾಗೆ ಹೇಳಲು ಹೊರಟವನಿಗೆ ನಡುವೆಯೇ ಅದು ಸಾಧ್ಯವಾಗಲಿಲ್ಲ.

‘ಅತ್ತೆ, ಅವತ್ತು ನಾನು ಸುಳ್ಳು ಹೇಳಿದೆ. ಅದು ಬೇರೆ ಟೀಮಲ್ಲ. ಆ ಸೀಟು ಮಾಡಿದವನು ನಾನೇ.’

ಅತ್ತೆ ತಮ್ಮ ಮಂಡಿಯ ಮೇಲಿದ್ದ ಬಿಸಿನೀರಿನ ಚೀಲ ತೆಗೆದು ಅವನ ಮಂಡಿಯ ಮೇಲೆ ಇಟ್ಟರು.

‘ನನಗೆ ಅವತ್ತೇ ಗೊತ್ತಿತ್ತು ಅಳಿಯಂದ್ರೇ’ ಎಂದರು. ‘ಒಂದು ಮಾತೂ ಆಡದೆ, ಯಾರಿಗೂ ಬೇಜಾರಾಗದ ಹಾಗೆ, ಅಷ್ಟು ಮೆಲ್ಲಗೆ ಬಂದು ಮಂಡಿ ಮುರಿಯೋದು ನಿಮ್ಮನ್ನ ಬಿಟ್ಟು ಇನ್ಯಾರಿಗೆ ಬರುತ್ತೆ?’